ಮೇದಾರ ಬಾಳವ್ವ ಕಾದ ಮನೆ

ಎಷ್ಟು ತಲೆಮಾರಿನ ಹಿಂದಿನದು ಅಂತ ಹೇಳುವವರಿಲ್ಲ. ಹೊಳೆಯ ಆಚೆ ದಂಡೆಗೆ ಕರಿಮಡು ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಮೇದಾರ ಬಾಳವ್ವ ಅಂತ ಒಬ್ಬಳಿದ್ದಳಂತೆ. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವವಳು. ಮೊರ ಕೊಡಲು ಹೋದಲ್ಲೆಲ್ಲ ಕಟ್ಟೆಯ ಮೇಲೆ ಕೂತು ನಾಲ್ಕು ಮಾತಾಡಿಯೇ ಏಳುವಳು. ಯಾರ ಮನೆಯ ಒನಕೆ ಯಾವ ಮರದ್ದು, ಯಾರ ಕೌದಿಯಲ್ಲಿ ಯಾರ ಸೀರೆಯ ತುಂಡಿದೆ, ಎಲ್ಲ ಅವಳಿಗೆ ಗೊತ್ತಿತ್ತಂತೆ.

ಒಂದು ವರ್ಷ ಊರಿಗೆ ಕಂಕುಳಲ್ಲಿ ಗಡ್ಡೆ ಎದ್ದು ಸಾಯುವ ಗಡ್ಡೆಬೇನೆ ಬಂತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಬೇನೆ ಇಳಿದ ಮೇಲೆ ತಿರುಗಿ ಬಂದರೆ, ಹನ್ನೊಂದು ಮನೆಗಳ ಬಾಗಿಲು ತೆಗೆಯಲು ಯಾರೂ ಉಳಿದಿರಲಿಲ್ಲ.

ಊರಿನ ರಾಚನಗೌಡ ಆ ಮನೆಗಳ ಸಾಮಾನನ್ನೆಲ್ಲ ಒಟ್ಟಿ ಸುಡಿಸಲು ಹೊರಟ. ಬಾಳವ್ವ ಅಡ್ಡ ನಿಂತಳಂತೆ.

“ಮಂದೀನ ಸುಟ್ಟದ್ದು ಸಾಕ್ರಿ ಗೌಡ್ರ. ಅವರ ಕೈಯಾಗಿನವನ್ನಾರ ಬಿಡ್ರಿ.”

“ಬ್ಯಾನಿ ತಿರುಗಿ ಬಂದರ?”

“ನಾನ ಮುಟ್ಟತೀನಿ. ನನಗ ಬಂದರ ನನ್ನನ್ನೂ ಕೂಡಿ ಸುಡ್ರಿ.”

ಊರ ಹೊರಗಿನ ಹಾಳು ಧರ್ಮಶಾಲೆಗೆ ಎಲ್ಲವನ್ನೂ ಅವಳೊಬ್ಬಳೇ ಹೊತ್ತಳಂತೆ. ಬಿಸಿಲಿಗೆ ಹರವಿದಳು, ಬೇವಿನ ಹೊಗೆ ಹಾಕಿದಳು. ಬೇನೆಯೇ ಬಾಗಿಲ ತನಕ ಬಂದು ಇವಳ ಮುಖ ನೋಡಿ ಹಿಂದೆ ಸರಿಯಿತು ಅಂತಾರೆ. ತಿಂಗಳಾಯಿತು, ವರ್ಷವಾಯಿತು, ಅವಳಿಗೆ ಏನೂ ಆಗಲಿಲ್ಲ. ಬಂದವರಿಗೆ ಇದು ಇಂಥವರದು, ಹೀಗೆ ಬಳಸುತ್ತಿದ್ದರು ಅಂತ ಹೇಳುವಳು. ಜನ ಹೊಸ್ತಿಲಲ್ಲೇ ನಿಂತು ಕೇಳಿ ಹೋಗುವರು. ಒಳಗೆ ಮಾತ್ರ ಯಾರೂ ಕಾಲಿಡಲಿಲ್ಲ.

ಹಾಗೇ ಬಾಳವ್ವನ ಕಣ್ಣು ಮಂಜಾದವು. ಒಂದು ಮಳೆಗಾಲ ಗೆದ್ದಲು ಹತ್ತಿತು. ಅವಳಿಗೆ ಕಾಣಲಿಲ್ಲ, ಕೈಯಾಡಿಸಿದಾಗ ರೊಟ್ಟಿ ನಾದುವ ಮರದ ಮರಿಗೆಯೊಂದು ಹಿಟ್ಟಿನಂತೆ ಉದುರಿತು. ಅವತ್ತು ಅವಳು ಅತ್ತಳಂತೆ. ಕೋಲೂರಿಕೊಂಡು ಊರೊಳಗೆ ಹೋಗಿ, “ನನಗ ಕಾಳು ಬ್ಯಾಡ, ಕಡಿ ಬ್ಯಾಡ. ಇವನ್ನ ನೋಡಿಕೊಳ್ಳಾಕ ಮನಿಗೊಂದು ದಿನ ಕೊಡ್ರಿ” ಅಂತ ಕೇಳಿದಳು. ಜನ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಮರುದಿನ ಬೆಳಿಗ್ಗೆ ಅವಳು ಬೆರಳಿನಿಂದ ಗೆದ್ದಲು ಕೆರೆಯುತ್ತಿದ್ದಾಗ ಯಾರೋ ಒಳಗೆ ಬಂದ ಸದ್ದಾಯಿತು. ರಾಚನಗೌಡ. ಅವನಿಗೂ ಈಗ ವಯಸ್ಸಾಗಿತ್ತು.

“ಇದ್ಯಾರದವ್ವ?” ಅಂತ ಒಂದು ಮಣೆ ಅವಳ ಮುಂದೆ ಹಿಡಿದ.

ಬಾಳವ್ವ ಮುಟ್ಟಿ ನೋಡಿದಳು. “ಅಳಗುಳಿ ಮಣಿ. ನಿಮ್ಮ ತಂಗೀದ್ರಿ. ಸಣ್ಣವರಿದ್ದಾಗ ನಿಮ್ಮನ್ನ ಸೋಲಿಸಿ ನಗತಿದ್ದಳಲ್ಲ.”

ಹನ್ನೊಂದರಲ್ಲಿ ಒಂದು ಅವನ ತಂಗಿಯದೇ ಮನೆಯಾಗಿತ್ತು. ಗೌಡ ಆ ಮಣೆಯ ಗುಳಿಗಳ ಧೂಳನ್ನು ಬೆರಳಿನಿಂದ ತೆಗೆದ. ಆಮೇಲೆ ರುಮಾಲು ತೆಗೆದಿಟ್ಟು ಕಸಬರಿಗೆ ಹಿಡಿದನಂತೆ.

ಮಾರನೆಯ ದಿನ ಬಣಗಾರರ ಮನೆಯವರು ಬಂದರು, ಅದರಾಚೆ ದಿನ ಅಗಸರ ಮನೆಯವರು. ಹಾಗೆ ಸರದಿ ನಿಂತಿತು. ಗುಡಿಸುವುದು, ಎಣ್ಣೆ ಒರೆಸುವುದು ಅರ್ಧ ಕೆಲಸ. ಬಾಳವ್ವ ಹೇಳಿದ್ದನ್ನು ಬಾಯಿಪಾಠ ಮಾಡಿ ಬಂದವರಿಗೆ ಹೇಳುವುದು ಇನ್ನರ್ಧ.

ಒಂದು ದಿನ ಹೊಳೆ ದಾಟಿ ಒಬ್ಬ ಹೆಂಗಸು ಬಂದಳು. ಬೇನೆಯ ವರ್ಷ ಕೂಸಾಗಿದ್ದವಳನ್ನು ಯಾರೋ ಎತ್ತಿಕೊಂಡು ಹೋಗಿ ಸಾಕಿದ್ದರಂತೆ. ಕಟ್ಟಿಗೆಯವರ ಮನೆಯ ಕೂಸು ಅನ್ನುವುದಷ್ಟೇ ಅವಳಿಗೆ ಗೊತ್ತು. ಅವತ್ತು ಅಗಸರ ತಿಪ್ಪವ್ವನ ಸರದಿ. ಬಾಳವ್ವ ಮೂಲೆಯಲ್ಲಿ ಸುಮ್ಮನೆ ಕೂತು ಕೇಳುತ್ತಿದ್ದಳು.

ತಿಪ್ಪವ್ವ ಒಂದು ಕುಡುಗೋಲು ತೆಗೆದುಕೊಟ್ಟಳು. “ನಿಮ್ಮವ್ವ ಹೊನ್ನವ್ವಂದು. ಆಕಿ ಎಡಚಿ ಇದ್ದಳು. ಕಮ್ಮಾರ ಎಡಗೈಗಂತನ ಬಡದು ಕೊಟ್ಟಿದ್ದ. ಕೊಯ್ಲಿಗೆ ನಿಂತರ ಆಕೀ ಸಾಲು ಮೊದಲ ಮುಗೀತಿತ್ತು.”

ಎಡಗೈಯಲ್ಲಿ ಉಂಡಿದ್ದಕ್ಕೆ ಸಣ್ಣಂದಿನಿಂದ ಬೈಸಿಕೊಂಡವಳು ಆ ಹೆಂಗಸು. ಕುಡುಗೋಲನ್ನು ಎಡಗೈಯಲ್ಲೇ ಹಿಡಿದಳು. ಹಿಡಿ ಅಂಗೈಯಲ್ಲಿ ಕೂತಿತು.

“ಒಯ್ಯವ್ವ, ನಿಂದ ಅದು,” ಅಂದಳು ತಿಪ್ಪವ್ವ.

ಅವಳು ತಲೆಯಾಡಿಸಿದಳು. “ಇಲ್ಲೇ ಇರಲಿ. ನನಗೂ ಒಂದು ದಿನ ಕೊಡ್ರಿ.”

ತಿಪ್ಪವ್ವ ಹೇಳಿದ್ದರಲ್ಲಿ ತಾನು ಒಂದು ಮಾತೂ ತಿದ್ದಬೇಕಾಗಲಿಲ್ಲ ಅಂತ ಬಾಳವ್ವನ ಮುಖ ಅರಳಿತಂತೆ.

ಇವತ್ತಿಗೂ ಕರಿಮಡುವಿನಲ್ಲಿ ಮನೆಗೊಂದು ದಿನ ಇದೆ. ಬೇರೆ ಊರಿಗೆ ಹೋದವರೂ ತಮ್ಮ ದಿನಕ್ಕೆ ಬರುತ್ತಾರೆ. ಧರ್ಮಶಾಲೆಯ ಬಾಗಿಲು ತೆಗೆದು ಹನ್ನೊಂದು ಮನೆಗಳ ಹೆಸರು ಹೇಳಿ, ಕಸ ಗುಡಿಸಿ, ಕಟ್ಟೆಯ ಮೇಲೆ ಕೂರುತ್ತಾರೆ. ಯಾರೇ ಬರಲಿ, ಮೊದಲು ನೀರು ಕೊಟ್ಟು, “ನೀವು ಯಾರ ಪೈಕಿ?” ಅಂತ ಕೇಳುತ್ತಾರೆ.