ಸೂಲಗಿತ್ತಿ ದ್ಯಾವಮ್ಮನೂ ಗಂಟಿನ ಗುರಿಕಾರನೂ

ಹತ್ತಿರ ಬನ್ನಿ ಮಕ್ಕಳೇ, ದೀಪಕ್ಕೆ ಕೈಮುಗಿದು ಕುಳಿತುಕೊಳ್ಳಿ. ಎಚ್ಚರ ಇರುವವರು ಹೂಂಗುಟ್ಟಿ. ನಿದ್ದೆ ಬರುವವರೂ ಕೇಳಿ, ಕಥೆ ಇರುವುದೇ ಅಂಥವರ ಮೇಲೆ.

ಒಂದಾನೊಂದು ರಾಜ್ಯದಲ್ಲಿ ಒಬ್ಬ ದೊರೆ ಇದ್ದ. ಇದ್ದ ಅನ್ನುವುದು ಬಿಟ್ಟರೆ ಅವನಿಂದ ಈ ಕಥೆಗೆ ಉಪಯೋಗವಿಲ್ಲ. ಅವನ ರಾಜ್ಯದ ಅಂಚಿನಲ್ಲಿ ಒಂದು ಹೊಳೆ ಹರಿಯುತ್ತಿತ್ತು. ಈ ದಡದಲ್ಲಿ ಸೋರೆಹಳ್ಳಿ, ಆ ದಡದಲ್ಲಿ ಜೋಗಿಪುರ. ಈ ದಡದಲ್ಲಿ ನಿಂತು ಕೂಗಿದರೆ ಆ ದಡದವರು ಓಗೊಡುತ್ತಿದ್ದರು, ಅಷ್ಟೇ ಅಗಲ.

ಸೋರೆಹಳ್ಳಿಯ ಬೇಲಿ ಬೇಲಿಯ ಮೇಲೂ ಸೋರೆಬಳ್ಳಿ. ಬೇರೆ ಊರಿನ ಮಕ್ಕಳಾದರೆ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಬೀಳುತ್ತಾರೆ, ಈಜು ಕಲಿಯುತ್ತಾರೆ. ಈ ಎರಡು ದಡದವರು ಬುರುಡೆಗೆ ಉಪ್ಪು ತುಂಬಿ ನೆಲುವಿಗೆ ಕಟ್ಟುತ್ತಿದ್ದರು. ಹೊಳೆಗೆ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಯಾಕೆ? ಉಡಿದಾರ ಬಿಡುತ್ತಿರಲಿಲ್ಲ!

ಸೋರೆಹಳ್ಳಿಯಲ್ಲಿ ಅಂಕಪ್ಪ ಎಂಬ ಒಬ್ಬ ಗುರಿಕಾರ, ಅಪ್ಪ ಅಜ್ಜನ ಕಾಲದಿಂದ ಗಂಟು ಹಾಕುವ ಮನೆತನದವನು. ಎರಡು ದಡದಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಅವನು ಬರಬೇಕು. ಬಂದು, ಕರಿಯ ಉಡಿದಾರಕ್ಕೆ ಒಂದು ಗಂಟು ಹಾಕಿ, ಕಣ್ಣು ಮುಚ್ಚಿ ಹಣೆಬರಹ ಹೇಳಬೇಕು. ಅದು ಎಲ್ಲರಿಗೂ ಒಂದೇ. "ಈ ಕೂಸು ಹೊಳೆ ದಾಟಲಾರದು. ದೊಡ್ಡವರ ಮುಂದೆ ಬಾಯಿ ಬಿಡಲಾರದು. ಇಟ್ಟ ಜಾಗ ಬಿಟ್ಟು ಕದಲಲಾರದು." ಆ ದಾರವನ್ನು ಗಂಡಾಗಲಿ ಹೆಣ್ಣಾಗಲಿ ಸಾಯುವ ತನಕ ಬಿಚ್ಚುವಂತಿಲ್ಲ.

ಹೊಳೆ ದಾಟಲೇಬೇಕಾದವರಿಗೆ ಅಂಕಪ್ಪನ ದೋಣಿ ಇತ್ತು. ಅವನ ದೋಣಿ ಹತ್ತಿದರೆ ದೋಷವಿಲ್ಲವಂತೆ. ಹತ್ತಿದವರು ಪಡಿ ರಾಗಿಯೋ, ಕೋಳಿಯೋ, ಕುರಿಯೋ ಒಪ್ಪಿಸಬೇಕು. ಇದೆಂಥ ದೋಷ, ದೋಣಿಯ ಒಡೆಯನನ್ನು ನೋಡಿ ಸರಿದು ನಿಲ್ಲುತ್ತದಲ್ಲ ಎಂದು ಒಬ್ಬನೂ ಕೇಳಲಿಲ್ಲ. ಕೇಳಬೇಕಾದರೆ ಬಾಯಿ ಬಿಡಬೇಕು. ಬಾಯಿಗೂ ಗಂಟು!

ಅದೇ ಊರಿನಲ್ಲಿ ದ್ಯಾವಮ್ಮ ಎಂಬ ಸೂಲಗಿತ್ತಿ ಇದ್ದಳು. ಊರಿನ ಅಷ್ಟೂ ಕೂಸುಗಳ ಹೊಕ್ಕುಳಬಳ್ಳಿ ಕೊಯ್ದದ್ದು ಅವಳ ಸೊಂಟದ ಕುಡುಗೋಲು. ಅವಳಿಗೆ ಇದ್ದದ್ದು ಒಬ್ಬಳೇ ಮಗಳು ಸಣ್ಣಕೆಂಪಿ, ಒಂದೇ ಎಮ್ಮೆ ನೀಲಿ. ಮಗಳನ್ನು ಜೋಗಿಪುರಕ್ಕೆ ಕೊಟ್ಟಿತ್ತು. ಚೊಚ್ಚಲು ಬಸುರಿಯನ್ನು ತವರಿಗೆ ಕರೆತರಬೇಕೆಂದರೆ, "ಬಸುರಿ ಹತ್ತಿದರೆ ದೋಣಿಗೆ ಮೈಲಿಗೆ" ಎಂದು ಅಂಕಪ್ಪ ಒಲ್ಲೆನೆಂದಿದ್ದ.

ಒಂದು ಮಧ್ಯಾಹ್ನ ಆ ದಡದಿಂದ ಬೀಗಿತ್ತಿಯ ಕೂಗು ಕೇಳಿತು.

"ದ್ಯಾವಕ್ಕಾ! ಕೂಸು ಅಡ್ಡ ತಿರುಗ್ಯದೆ! ನಿನ್ನ ಕೈ ಬಿದ್ದರೆ ಉಳೀತಾಳೆ, ಬೇಗ ಬಾರಕ್ಕಾ!"

ದ್ಯಾವಮ್ಮ ಓಡಿದಳು. ಅಂಕಪ್ಪ ಉಂಡು ಜಗಲಿಯ ಮೇಲೆ ಒರಗಿದ್ದ.

"ಇವತ್ತು ಅಮಾವಾಸ್ಯೆ. ದೋಣಿ ನೀರಿಗೆ ಇಳಿಯಕ್ಕಿಲ್ಲ."

"ನನ್ನ ಎಮ್ಮೆ ತಗೋ ಸ್ವಾಮಿ. ಮಗಳ ಜೀವ ಉಳಿಸು."

"ಎಮ್ಮೆ ಇವತ್ತು ಕಟ್ಟು, ದೋಣಿ ನಾಳೆ" ಎಂದು ಅವನು ಮಗ್ಗುಲು ತಿರುಗಿದ.

ಗರಡಿಯ ಜವರನ ಬಳಿಗೆ ಓಡಿದಳು. "ಲೋ ಮಗಾ, ಗಂಡಾಳು ನೀನು. ನನ್ನ ಕೈಹಿಡಿದು ದಾಟಿಸೋ."

ಜವರ ತೋಳು ಉಬ್ಬಿಸಿದ. "ಅವ್ವಾ, ಈ ತೋಳು ನೋಡು, ಸಂಗ್ರಾಣಿಕಲ್ಲನ್ನ ಹೂವಿನಂಗೆ ಎತ್ತತೀನಿ." ಆಮೇಲೆ ಸೊಂಟ ಮುಟ್ಟಿಕೊಂಡ. "ಈ ದಾರ ನೋಡು. ಗಂಟದೆ."

ಪಟೇಲ ನಂಜಯ್ಯನ ಬಳಿಗೆ ಓಡಿದಳು. ಅವನು ಮೀಸೆ ತೀಡಿ ಹೇಳಿದ, "ನಮ್ಮಪ್ಪ ದಾಟಲಿಲ್ಲ, ನಮ್ಮಜ್ಜ ದಾಟಲಿಲ್ಲ. ಮರ್ಯಾದಸ್ಥರು ನೀರಿಗೆ ಬೀಳಕ್ಕಿಲ್ಲ ಕಣಮ್ಮ. ನಮ್ಮ ಕೈಲಿ ಆಗದ್ದು ಆಗಕ್ಕಿಲ್ಲ." ಆಗುವುದಿಲ್ಲ ಎನ್ನುವುದನ್ನು ಅವನು ಪದವಿ ಬಂದವನ ಹಾಗೆ ಹೇಳಿದ!

ಕಡೆಗೆ ದ್ಯಾವಮ್ಮ ತಾನೇ ಹೊಳೆಗೆ ಹೋದಳು. ಒಂದು ಕಾಲು ನೀರಿಗೆ ಇಟ್ಟಳು. ಸೊಂಟದ ದಾರ ನೆನಪಾಯಿತು. ಕಾಲು ಹಿಂದಕ್ಕೆ ಎಳೆದುಕೊಂಡು ಕೈಮುಗಿದು ಅಳತೊಡಗಿದಳು.

ನೀರಿನಲ್ಲಿ ಮುಳುಗಿ ಮೆಲುಕು ಹಾಕುತ್ತಿದ್ದ ನೀಲಿ ತಲೆ ಎತ್ತಿತು.

"ಏನು ದ್ಯಾವಮ್ಮಾ, ಹೊಳೆಗೆ ಕೈಮುಗಿದರೆ ಆ ದಡದಲ್ಲಿ ಹೆರಿಗೆ ಆಯ್ತದಾ?"

"ನೀನು ಎಮ್ಮೆ, ನಿನಗೇನು ಗೊತ್ತು? ನನ್ನ ಸೊಂಟದಲ್ಲಿ ಗಂಟದೆ."

"ನನ್ನ ಕೊರಳಲ್ಲೂ ಹಗ್ಗದ ಗಂಟದೆ. ಹಗ್ಗ ಗೂಟಕ್ಕಿದ್ದರೆ ನಿಲ್ತೀನಿ, ಇಲ್ಲದಿದ್ದರೆ ಹೋಯ್ತೀನಿ. ನಿನ್ನ ದಾರದ ಇನ್ನೊಂದು ತುದಿ ಯಾವ ಗೂಟಕ್ಕೆ ಕಟ್ಯದೆ, ತೋರಿಸು ನೋಡಾನ."

ದ್ಯಾವಮ್ಮ ಸೊಂಟ ತಡಕಿದಳು. ಸುತ್ತ ತಡಕಿದಳು. ದಾರ ಅವಳನ್ನೇ ಸುತ್ತಿ ಬಂದು ತನ್ನನ್ನೇ ಕಟ್ಟಿಕೊಂಡಿತ್ತು. ಇನ್ನೊಂದು ತುದಿಯೇ ಇರಲಿಲ್ಲ, ಗೂಟವೂ ಇರಲಿಲ್ಲ.

"ಥೂ ನನ್ನ ಬಾಳೇ!" ಎಂದಳು. "ಊರ ಮಕ್ಕಳ ಬಳ್ಳಿ ಕೊಯ್ದು ಲೋಕಕ್ಕೆ ಬಿಟ್ಟವಳು ನಾನು. ನಾನು ಬಿಡಿಸಿದ್ದನ್ನೆಲ್ಲ ಅವನು ಮತ್ತೆ ಕಟ್ಟತಾ ಬಂದ. ನಾನು ಪಕ್ಕದಲ್ಲಿ ಕೂತು ಸೋಬಾನೆ ಹೇಳಿದೆ!"

ಕುಡುಗೋಲು ತೆಗೆದಳು. ದಾರ ಕೊಯ್ದಳು. ಆಕಾಶ ಬೀಳಲಿಲ್ಲ. ಸೀರೆ ಕೂಡ ಜಾರಲಿಲ್ಲ. ಮನೆಗೆ ಹೋಗಿ ಎರಡು ಸೋರೆಬುರುಡೆಯ ಉಪ್ಪು ಸುರಿದು, ಬೆಣೆ ಬಿಗಿದು, ಕಂಕುಳಿಗೆ ಕಟ್ಟಿಕೊಂಡು ಬಂದಳು. ಶಿವಾ ಎಂದು ನೀಲಿಯ ಬಾಲ ಹಿಡಿದಳು. ನಡುಹೊಳೆಯಲ್ಲಿ ನೀರು ಕುಡಿದಳು, ಕೆಮ್ಮಿದಳು, ಬಾಲ ಬಿಡಲಿಲ್ಲ. ಹೊತ್ತು ಮುಳುಗುವ ಮುಂಚೆ ಸಣ್ಣಕೆಂಪಿಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಕೂಸು ನೆಟ್ಟಗಾಯಿತು. ಹೆಣ್ಣು ಕೂಸು. ತಾಯಿಯೂ ಉಳಿದಳು.

ಇಷ್ಟು ಕಂಡ ಮೇಲಾದರೂ ಸೋರೆಹಳ್ಳಿ ಕಣ್ಣು ಬಿಟ್ಟಿತೆ? ಕೇಳಿ ಅವರ ಮಾತನ್ನ.

"ದಾಟಿದ್ದು ಎಮ್ಮೆ. ಇವಳು ಬಾಲದಲ್ಲಿ ಇದ್ದಳು ಅಷ್ಟೆ" ಎಂದ ಪಟೇಲ.

"ಇವಳ ಗಂಟು ಮೊದಲೇ ಸಡಿಲ ಇದ್ದಿರಬೇಕು" ಎಂದ ಜವರ.

"ನೋಡ್ತಾ ಇರಿ, ಕೇಡು ಬತ್ತದೆ" ಎಂದ ಅಂಕಪ್ಪ.

ಕೇಡು ಬರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬಂತು. ಊರವರು ರಾಗಿ ಕೊಟ್ಟು, ಕೋಳಿ ಕೊಟ್ಟು ಅಂಕಪ್ಪನ ದೋಣಿಯಲ್ಲೇ ಜೋಗಿಪುರಕ್ಕೆ ಹೋದರು. ಅಂಕಪ್ಪನೂ ದಾರ ಹಿಡಿದು ಬಂದ.

ಆ ಸೀಮೆಯಲ್ಲಿ ಒಂದು ಶಾಸ್ತ್ರ ಉಂಟು. ಕೂಸನ್ನು ಮಲಗಿಸುವ ಮುಂಚೆ ರುಬ್ಬುವ ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಕುಲಾವಿ ಹಾಕಿ, ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಅದು ಒಳಮನೆಯಲ್ಲಿ ಹೆಂಗಸರು ಮಾಡುವ ಶಾಸ್ತ್ರ. ಅಂಕಪ್ಪ ಅದನ್ನು ಯಾವತ್ತೂ ನೋಡಿದವನಲ್ಲ. ಹೆಂಗಸರ ಕೆಲಸವೆಂದು ಮೂಗು ಮುರಿದು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ, ಎಲ್ಲ ಮುಗಿದ ಮೇಲೆ ಒಳಗೆ ಬರುತ್ತಿದ್ದ.

ಆ ದಿನ ದ್ಯಾವಮ್ಮ ತೊಟ್ಟಿಲನ್ನು ಅಂಗಳಕ್ಕೇ ತರಿಸಿದಳು.

"ಬನ್ನಿ ಗುರಿಕಾರಪ್ಪಾ, ನಿಮ್ಮ ಕೈಯಿಂದಲೇ ಮೊದಲಾಗಲಿ."

ಅಂಕಪ್ಪನಿಗೆ ಹಿಗ್ಗು. ಸೊಕ್ಕಿದವಳು ಬಗ್ಗಿದಳು ಎಂದುಕೊಂಡ. ಪುರುಡಿನ ಮೈಲಿಗೆಯ ಕೂಸನ್ನು ಅವನು ಮುಟ್ಟುವವನಲ್ಲ. ದೂರದಿಂದಲೇ ಕುಲಾವಿ ನೋಡಿದ. ದಾರಕ್ಕೆ ಗಂಟು ಬಿಗಿದ. ಕಣ್ಣು ಮುಚ್ಚಿದ. ಊರೆಲ್ಲ ಕೇಳುವ ಹಾಗೆ ಹೇಳಿದ:

"ಈ ಕೂಸು ಹೊಳೆ ದಾಟಲಾರದು!"

"ಹೌದು ಸ್ವಾಮಿ" ಎಂದಳು ದ್ಯಾವಮ್ಮ.

"ದೊಡ್ಡವರ ಮುಂದೆ ಬಾಯಿ ಬಿಡಲಾರದು!"

"ದಿಟ ಸ್ವಾಮಿ."

"ಇಟ್ಟ ಜಾಗ ಬಿಟ್ಟು ಕದಲಲಾರದು!"

"ನಿಮ್ಮ ಮಾತು ಒಂದಕ್ಷರ ಸುಳ್ಳಲ್ಲ ಸ್ವಾಮಿ" ಎಂದು ದ್ಯಾವಮ್ಮ ಕುಲಾವಿ ಬಿಚ್ಚಿದಳು. ಬಟ್ಟೆ ಬಿಚ್ಚಿದಳು. ಗುಂಡುಕಲ್ಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು.

"ನೋಡ್ರಪ್ಪಾ! ಇದು ಹೊಳೆ ದಾಟಕ್ಕಿಲ್ಲ, ಬಾಯಿ ಬಿಡಕ್ಕಿಲ್ಲ, ಇಟ್ಟ ಕಡೆ ಇರ್ತದೆ. ಕಲ್ಲಿಗೆ ಸರಿಯಾದ ಹಣೆಬರಹ. ಪಟೇಲಪ್ಪಾ, ನಿಮಗೂ ಇದನ್ನೇ ಹೇಳಿದ್ದನಲ್ಲವಾ? ಜವರಾ, ನಿನಗೂ ಇದೇ ಅಲ್ಲವಾ? ನೀವೆಲ್ಲ ಹುಟ್ಟುವಾಗ ಕೈ ಒಡ್ಡಿದವಳು ನಾನು. ನನ್ನ ಕೈಗೆ ಬಂದದ್ದು ಮನುಷ್ಯರು, ಕಲ್ಲಲ್ಲ. ಕಲ್ಲಾದದ್ದು ಯಾವಾಗ, ಹೇಳಿ!"

ಒಳಗಿನಿಂದ ನಿಜವಾದ ಕೂಸು ಕಿಟಾರನೆ ಕಿರುಚಿತು. ದೊಡ್ಡವರು ಇದ್ದಾರೆ, ಚಿಕ್ಕವರು ಇದ್ದಾರೆ ಎಂದು ಅದು ನೋಡಲಿಲ್ಲ.

ಮೊದಲು ನಕ್ಕವಳು ಬಾಣಂತಿ. ಆಮೇಲೆ ಅಂಗಳವೇ ನಕ್ಕಿತು. ಅಂಕಪ್ಪ ಗಂಟು ಹಾಕಿದ ದಾರ ಅಲ್ಲೇ ಬಿಸುಟು ದೋಣಿಗೆ ಓಡಿದ, ಒಬ್ಬನೇ ಹುಟ್ಟು ಹಾಕಿಕೊಂಡು ಹೋದ. ಜವರ ನಾಚಿ, ಕುಡುಗೋಲು ಕೇಳಿ, ತನ್ನ ದಾರ ಕೊಯ್ದುಕೊಂಡ. ಜೋಗಿಪುರದವರ ನೆಲುವಿನ ಬುರುಡೆಗಳೆಲ್ಲ ಖಾಲಿಯಾದವು. ನೀಲಿ ಮುಂದೆ, ಜವರ ಹಿಂದೆ, ಅವನ ಹಿಂದೆ ಊರ ಗಂಡಾಳುಗಳು. ಮೂಗಿಗೆ ನೀರು ಹೋಯಿತು, ಕೆಲವರ ಪಂಚೆ ಹೋಯಿತು, ಪಟೇಲನ ಮೀಸೆ ಇಳಿಯಿತು. ಆದರೆ ದಡ ಸೇರಿದರು.

ಅಂದಿನಿಂದ ಅಂಕಪ್ಪನನ್ನು ಯಾವ ತೊಟ್ಟಿಲಿಗೂ ಕರೆಯಲಿಲ್ಲ. ಕಟ್ಟೆಯ ಮೇಲೆ ಕೂತು ತನ್ನ ದಾರದ ಉಂಡೆಯನ್ನು ತಾನೇ ಸುತ್ತುತ್ತಿದ್ದ. ಅವನ ದೋಣಿ ದಡಕ್ಕೆ ಬಿದ್ದು ನೀಲಿಗೆ ಕಲಗಚ್ಚಿನ ಬಾನಿಯಾಯಿತು.

ಮಕ್ಕಳೇ, ಕೈಕಾಲು ಕೊಟ್ಟವನು ಭಗವಂತ. "ನನ್ನ ಕೈಲಿ ಆಗುವುದಿಲ್ಲ" ಎಂದು ಇಳಿದು ನೋಡುವ ಮುಂಚೆಯೇ ಹೇಳುವವನು ವಿನಯವಂತನಲ್ಲ, ಕೊಟ್ಟವನನ್ನೇ ಹಳಿಯುವವನು. ಇನ್ನೊಬ್ಬರು ಹಾಕಿದ ಗಂಟು ಒಂದು ದಿನ ಕಟ್ಟೀತು. ಬಾಳೆಲ್ಲ ಕಟ್ಟುವುದು ಅದನ್ನು ನಂಬಿದ ನಮ್ಮ ಬುದ್ಧಿಯೇ.

ಅಂಕಪ್ಪ ಬಿಸುಟು ಹೋದ ದಾರವನ್ನು ದ್ಯಾವಮ್ಮ ಗುಂಡುಕಲ್ಲಿಗೇ ಕಟ್ಟಿದಳು. ಗುರಿಕಾರನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದು ಅದೊಂದೇ. ಇವತ್ತಿಗೂ ಅದು ಹೊಳೆ ದಾಟಿಲ್ಲ.