ಪಾಲು ಮಾಡಲಾಗದ ದಂಡ

"ನೂರ್‌ಗಡದ ಪ್ರಜೆಗಳೆಲ್ಲ ಕೇಳಿರಿ! ರಾಜ ಮದರಸಾದ ಹಿರಿಯ ಉಸ್ತಾದರು ತೀರಿಕೊಂಡು ನಲವತ್ತು ದಿನ ತುಂಬಿತು. ಆ ಪೀಠಕ್ಕಾಗಿ ಶಾಹಜಾದಿ ಮಾಹರುಖ್ ಬೇಗಮರು ಮೂರು ಒಗಟು ಕೇಳುತ್ತಾರೆ. ಮೂರಕ್ಕೂ ಉತ್ತರ ಹೇಳಿದವರಿಗೆ ಪೀಠ. ಒಂದು ತಪ್ಪಿದರೂ ಶುಕ್ರವಾರದ ನಮಾಜಿನ ಬಳಿಕ ತಲೆದಂಡ!"

ಸೋಮವಾರ ಬೆಳಿಗ್ಗೆ ನಗಾರಿಯವನು ಹೀಗೆ ಸಾರಿದ. ಸುಲ್ತಾನ ಮುಬಾರಿಜ್ ಶಹಾ ಮಗಳ ಷರತ್ತಿಗೆ ಒಪ್ಪಿದ್ದು ಅರೆಮನಸ್ಸಿನಿಂದ. ತನಗೆ ತಿಳಿದಿದೆ ಎಂಬ ಖಾತ್ರಿಯಿದ್ದವನು ಮಾತ್ರ ಬರಲಿ ಎಂಬುದು ಆಕೆಯ ವಾದ.

ಮಂಗಳವಾರ ಲೇವಾದೇವಿಗಾರನ ಮಗ ಶಂಸುದ್ದೀನ ಅತ್ತರು ಪೂಸಿಕೊಂಡು ಬಂದ. ಶಾಹಜಾದಿ ಕೇಳಿದಳು: "ಬಿತ್ತುವವರಿಲ್ಲ, ನೀರೆರೆಯುವವರಿಲ್ಲ. ಒಡೆಯ ಮಲಗಿದ್ದರೂ ಬೆಳೆಯುತ್ತದೆ. ಅದು ಬೆಳೆದಷ್ಟೂ ಪಕ್ಕದ ಮನೆಯವನ ಅನ್ನ ಕಡಿಮೆಯಾಗುತ್ತದೆ. ಏನದು?"

"ಹೊಲದ ಕಳೆ," ಎಂದ ಶಂಸುದ್ದೀನ, ತಡಮಾಡದೆ.

"ಅಲ್ಲ," ಎಂದಳು ಶಾಹಜಾದಿ. ಕಾವಲಿನವರು ಅವನನ್ನು ಕರೆದೊಯ್ದರು.

ಬುಧವಾರ ಖಾಜಿಯವರ ಮಗ ಬುರ್ಹಾನ ಬಂದ. ಏಳು ಗ್ರಂಥಗಳನ್ನು ಬಾಯಿಪಾಠ ಮಾಡಿದ್ದವನು. ಮೊದಲ ಒಗಟಿಗೆ "ಬಡ್ಡಿ" ಎಂದು ಸರಿಯಾಗಿ ಹೇಳಿದ.

ಸುಲ್ತಾನ ನಕ್ಕ. "ಶಂಸುದ್ದೀನನ ಮನೆಯಲ್ಲಿ ಅದಕ್ಕೆ ಕಾಣಿಕೆ ಅನ್ನುತ್ತಾರೆ. ಪಾಪ, ಹುಡುಗನಿಗೆ ಗುರುತೇ ಸಿಗಲಿಲ್ಲ."

ಶಾಹಜಾದಿ ನಗಲಿಲ್ಲ. "ಎರಡನೆಯದು. ಒಂದು ದೇಹ, ಎರಡು ತಲೆ. ಉಂಡರೆ ಎರಡೂ ಉಣ್ಣುತ್ತವೆ. ಪೆಟ್ಟು ಬಿದ್ದರೆ ಎರಡೂ ಅಳುತ್ತವೆ, ಆದರೆ ಒಂದೊಂದರ ಅಳು ಒಂದೊಂದಕ್ಕೆ. ಏನದು?"

"ಗಂಡಭೇರುಂಡ," ಎಂದ ಬುರ್ಹಾನ. ಅವನನ್ನೂ ಸೆರೆಗೆ ಹಾಕಿದರು.

ಬುರ್ಹಾನನ ತಾಯಿ ಹೆರಿಗೆಯಲ್ಲೇ ತೀರಿಹೋಗಿದ್ದರು. ಅವನಿಗೆ ಹಾಲೂಡಿಸಿ ಸಾಕಿದವಳು ಪಿಂಜಾರರ ಬೀಬಿಜಾನ್. ಆಕೆಯ ಮಗ ದಸ್ತಗೀರ ಬಿಲ್ಲು ಹಿಡಿದು ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದ. ಒಂದೇ ಹಾಲು ಕುಡಿದ ಅಣ್ಣನ ತಲೆ ಶುಕ್ರವಾರ ಉರುಳುತ್ತದೆಂದು ಕೇಳಿ ಅವನು ಬಿಲ್ಲನ್ನು ಗೋಡೆಗೆ ಒರಗಿಸಿ ಎದ್ದ.

"ಎರಡು ವರ್ಷಕ್ಕೇ ಮದರಸಾ ಬಿಟ್ಟು ಓಡಿ ಬಂದವ, ನೀ ಏನ ಹೇಳತೀಯೋ?" ಎಂದು ಬೀಬಿಜಾನ್ ಅವನ ತೋಳು ಹಿಡಿದಳು. "ಒಂದ ದಿನಕ್ಕ ನಾ ಎರಡು ಮಕ್ಕಳನ್ನ ಮಣ್ಣು ಮಾಡಲೇನು?"

"ಗೆದ್ದರ ಮೊದಲು ಅಣ್ಣನ್ನ ಬಿಡರಿ ಅಂತ ಕೇಳತೀನಿ, ಇಬ್ಬರೂ ಮನೀಗೆ ಬರತೀವಿ ಅಮ್ಮಾ," ಎಂದ ದಸ್ತಗೀರ.

ಗುರುವಾರ ಅವನು ಕೂದಲಲ್ಲಿ ಹತ್ತಿಯ ನೂಲೆಳೆ ಸಮೇತ ದರ್ಬಾರಿನಲ್ಲಿ ನಿಂತ. ಆಸ್ಥಾನಿಕರು ಮುಸಿಮುಸಿ ನಕ್ಕರು.

"ಮೊದಲ ಉತ್ತರ ಈಗ ಊರಿಗೆಲ್ಲ ಗೊತ್ತು," ಎಂದಳು ಶಾಹಜಾದಿ. "ನೀನು ಕಾರಣ ಹೇಳು. ಬಡ್ಡಿ ಏಕೆ ಸಲ್ಲದು?"

"ಕೊಟ್ಟವ ದುಡಿಯೋದಿಲ್ಲರಿ, ನಷ್ಟಕ್ಕೂ ಹೆದರೋದಿಲ್ಲರಿ. ಬೆವರು ಒಬ್ಬಂದು, ಹೆದರಿಕೀನೂ ಅವಂದೇ, ಬೆಳಿ ಮಾತ್ರ ಇನ್ನೊಬ್ಬಂದು."

"ಎರಡನೆಯದು?"

"ಪಾಲುದಾರಿಕೆರಿ. ವ್ಯಾಪಾರಿ ಈರಪ್ಪನವರು ಹತ್ತಿ ಕೊಡತಾರ, ನಾ ದುಡಿತ ಕೊಡತೀನಿ. ಲಾಭ ಬಂದರ ಅರ್ಧರ್ಧ. ಹೋದ ವರ್ಷ ಕೊಟ್ಟಿಗಿಗೆ ಬೆಂಕಿ ಬಿತ್ತು. ಅವರು ಹತ್ತಿಗೆ ಅತ್ತರು, ನಾ ಮೂರು ತಿಂಗಳ ದುಡಿತಕ್ಕ ಅತ್ತೆ. ಹತ್ತೀ ಬೆಲೆ ಅವರು ನನ್ನ ಕೇಳಲಿಲ್ಲ, ಕೂಲಿ ನಾ ಅವರ್ನ ಕೇಳಲಿಲ್ಲ."

ನಗು ನಿಂತಿತು. ಶಾಹಜಾದಿ ಮುಂದಕ್ಕೆ ಬಾಗಿದಳು. "ಮೂರನೆಯದು. ಒಂದು ಕೆಲಸ, ಇಬ್ಬರು ಸೇರಿ ಮಾಡುವುದು. ಲಾಭವಾದರೆ ಹೆಸರು ಇಬ್ಬರಿಗೂ. ನಷ್ಟವಾದರೆ ಪೆಟ್ಟು ಒಬ್ಬನಿಗೇ. ಆದರೂ ಅದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಏನದು?"

ದಸ್ತಗೀರನಿಗೆ ಕೂಡಲೇ ಹೊಳೆಯಲಿಲ್ಲ. ಒಡೆಯ, ಆಳು? ಆಳಿನ ಪರವಾಗಿ ದೂರುವವರು ಇದ್ದೇ ಇರುತ್ತಾರೆ. ದೊರೆ, ಸಿಪಾಯಿ? ಸೋತರೆ ದೊರೆಗೂ ಪೆಟ್ಟು ಉಂಟು. ಹಣೆಯ ಮೇಲೆ ಬೆವರು ಮೂಡಿತು. ಒರೆಸಿಕೊಳ್ಳಲು ಕೈಯೆತ್ತಿದಾಗ ಅಂಗೈಯಲ್ಲಿ ಉಳಿದಿದ್ದ ಬೆತ್ತದ ಗೆರೆ ಕಂಡಿತು.

"ಮದರಸಾರಿ," ಎಂದ. "ಹುಡುಗ ಕಲಿತರ ಉಸ್ತಾದರಿಗೂ ಹೆಸರು. ಕಲೀಲಿಲ್ಲ ಅಂದರ ಬೆತ್ತ ಹುಡುಗಗ ಮಾತ್ರ."

"ಗೂಬೆ! ವಿದ್ಯೆಯನ್ನು ವ್ಯಾಪಾರಕ್ಕೆ ಹೋಲಿಸುತ್ತೀಯಾ?" ಎಂದು ವಜೀರ ಗುಡುಗಿದ.

"ಹೋಲಿಸಿದವಳು ನಾನು," ಎಂದಳು ಶಾಹಜಾದಿ. "ಉತ್ತರ ಸರಿ. ಪೀಠ ನಿನ್ನದು."

"ಪೀಠ ಆಮೇಲರಿ. ಮೊದಲು ಬುರ್ಹಾನನ್ನ ಕರಸರಿ."

ಬುರ್ಹಾನನನ್ನು ತಂದು ನಿಲ್ಲಿಸಿದರು. ದಸ್ತಗೀರ ಹೇಳಿದ, "ಅಣ್ಣಾ, ಪಾಲುದಾರಿಕೆ ಅಧ್ಯಾಯ ಒಪ್ಪಿಸು." ಬುರ್ಹಾನ ಒಂದು ಅಕ್ಷರ ತಪ್ಪದೆ ಒಪ್ಪಿಸಿದ: ನಷ್ಟವಾದರೆ ಬಂಡವಾಳಗಾರನಿಗೆ ಬಂಡವಾಳ ಹೋಯಿತು, ದುಡಿದವನಿಗೆ ದುಡಿಮೆ ಹೋಯಿತು, ಎಲ್ಲವನ್ನೂ ದುಡಿದವನ ಮೇಲೆ ಹೊರಿಸುವ ಕರಾರು ಸಲ್ಲದು.

ಶಾಹಜಾದಿಯ ಮುಖ ಕೆಂಪಾಯಿತು. "ಇಷ್ಟು ಗೊತ್ತಿದ್ದೂ ಗಂಡಭೇರುಂಡ ಎಂದೆಯಾ?"

"ಅದು ಎಷ್ಟನೇ ಅಧ್ಯಾಯದ ಪ್ರಶ್ನೆ ಎಂದು ತಾವು ಹೇಳಲಿಲ್ಲವಲ್ಲ, ಬೇಗಮ್," ಎಂದ ಬುರ್ಹಾನ.

ಯಾರೂ ನಗಲಿಲ್ಲ. ದಸ್ತಗೀರ ಕೈಮುಗಿದ. "ಹದಿನಾಲ್ಕು ವರ್ಷ ತಮ್ಮ ಮದರಸಾನೇ ಹಿಂಗ ಕಲಿಸ್ತರಿ. ಶಂಸುದ್ದೀನಗೂ ಅದೇ ಕಲಿಸ್ತು. ನಷ್ಟದಾಗ ತಮ್ಮದೂ ಅರ್ಧ ಪಾಲು ಐತಿ. ಆದರ ತಲೀನ ಅರ್ಧ ಮಾಡಾಕ ಬರೋದಿಲ್ಲರಿ. ಪಾಲು ಮಾಡಾಕ ಬರದ ದಂಡ ಪಾಲುದಾರಿಕೆಯೊಳಗ ಹೆಂಗ ಸಲ್ಲತೈತಿ?"

ಶಾಹಜಾದಿ ಖಾಜಿಯ ಕಡೆ ನೋಡಿದಳು. "ಆ ಇಬ್ಬರಲ್ಲಿ ಒಬ್ಬ ನನ್ನ ಮಗ. ನಾನು ತೀರ್ಪು ಹೇಳಬಾರದು," ಎಂದು ಅವರು ನೆಲ ನೋಡಿದರು.

ಆಡಿದ ಮಾತನ್ನು ಶಾಹಜಾದಿ ಅದುವರೆಗೆ ಹಿಂದಕ್ಕೆ ಪಡೆದವಳಲ್ಲ.

"ಷರತ್ತು ನನ್ನದು, ತಪ್ಪೂ ನನ್ನದು," ಎಂದಳು ಕೊನೆಗೆ. "ತಲೆದಂಡ ರದ್ದು. ಇಬ್ಬರನ್ನೂ ಬಿಡಿ."

ದಸ್ತಗೀರ ಪೀಠ ಏರಿದ ಮೇಲೆ ಮದರಸಾದಿಂದ ಬೆತ್ತ ಹೋಯಿತು. ಬಾಯಿಪಾಠ ಉಳಿಯಿತು. ಆದರೆ ಪಾಲುದಾರಿಕೆಯ ಅಧ್ಯಾಯ ಓದಿದ ದಿನವೇ ಮಕ್ಕಳು ಹತ್ತಿಪೇಟೆಗೆ ಹೋಗಿ ಪಾಲಿನ ವ್ಯಾಪಾರವನ್ನು ಕಣ್ಣಾರೆ ನೋಡಬೇಕೆಂದಾಯಿತು. ಮಕ್ಕಳನ್ನು ಪೇಟೆಗೆ ಕರೆದೊಯ್ಯುವ ಕೆಲಸ ಬುರ್ಹಾನನದು. ಇನ್ನೊಂದು ನಿಯಮವನ್ನು ಶಾಹಜಾದಿಯೇ ಬರೆಸಿದಳು: ಪರೀಕ್ಷೆಯಲ್ಲಿ ಸೋತ ಮಕ್ಕಳು ರಜೆಯಲ್ಲಿ ಮತ್ತೆ ಕಲಿಯಬೇಕು, ಕಲಿಸಿದವರೂ ರಜೆ ಬಿಟ್ಟು ಕಲಿಸಬೇಕು.

ಮೊದಲ ವರ್ಷ ಹನ್ನೊಂದು ಮಕ್ಕಳು ಸೋತರು. ಈದ್ ರಜೆಯಲ್ಲಿ ಉಸ್ತಾದರೆಲ್ಲ ಗೊಣಗುತ್ತ ಅವರ ಎದುರು ಕುಳಿತರು. ಮರುವರ್ಷ ಒಂದು ಮಗುವೂ ಸೋಲಲಿಲ್ಲ. ಈದ್ ಹಬ್ಬಕ್ಕೆ ಉಸ್ತಾದರೆಲ್ಲ ತಮ್ಮ ತಮ್ಮ ಊರಿಗೆ ಹೋದರು.