ಕಬ್ಬಿಣ ಯಾಕೆ ಬೇಗ ಕರಗುವುದಿಲ್ಲ

ಲೋಕ ಇನ್ನೂ ಹೊಸದಾಗಿದ್ದಾಗ, ಕಲ್ಲಿನ ಮೇಲೆ ಪಾಚಿ ಕೂಡ ಕಟ್ಟದಿದ್ದ ಕಾಲದಲ್ಲಿ, ಭೂಮಿತಾಯಿಯ ಮಕ್ಕಳೆಲ್ಲ ಅವಳ ಮಡಿಲಲ್ಲೇ ಮಲಗುತ್ತಿದ್ದರು. ಕಬ್ಬಿಣಣ್ಣ ಎಲ್ಲರಿಗಿಂತ ದೊಡ್ಡವನು. ಆಮೇಲೆ ತಾಮ್ರ, ತವರ. ಆಗ ಯಾರೂ ಗಟ್ಟಿಯಾಗಿರಲಿಲ್ಲ. ತಾಯಿಯ ಬಿಸುಪಿಗೆ ಮೆತ್ತಗಾಗಿ ಒಬ್ಬರ ಮೇಲೊಬ್ಬರು ಹರಿದಾಡಿಕೊಂಡಿದ್ದರು. ಎಂಥ ಸುಖದ ಕಾಲ ಅದು.

ಒಂದು ದಿನ ಕೊನೆಯ ಕೂಸು ಹುಟ್ಟಿತು. ಅದೇ ನೀರು. ಮನೆಗೆ ಕೂಸು ಬಂದರೆ ಏನಾಗುತ್ತದೆ, ನಿನ್ನ ತಂಗಿ ಬಂದಾಗ ನೀನೇ ನೋಡಿದೆಯಲ್ಲ. ತಾಯಿ ಹಿರಿಮಗನ ತಲೆ ಸವರಿ, "ನೀನೀಗ ದೊಡ್ಡೋನಾದೆ ಕಂದ. ಇವತ್ತಿಂದ ಬೆಟ್ಟಜ್ಜನ ಪಕ್ಕ ಮಲಗಪ್ಪ" ಎಂದಳು.

ಕಬ್ಬಿಣಣ್ಣ ಹೋಗಿ ಮಲಗಿದ. ಆ ಜಾಗ ತಣ್ಣಗಿತ್ತು. ಅಜ್ಜ ಗೊರಕೆ ಬೇರೆ ಹೊಡೆಯುತ್ತಿದ್ದ. ಬೆಳಗಾಗುವುದರೊಳಗೆ ಕಬ್ಬಿಣಣ್ಣ ಗಟ್ಟಿಯಾಗಿಹೋಗಿದ್ದ, ಮೈಯೂ ಮನಸ್ಸೂ.

"ಅತ್ತನಾ ಅಜ್ಜಿ?" ಅಂತೀಯಾ? ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ನಾನೂ ಹಿರಿಮಗಳು. ಅಮ್ಮನ ಸೆರಗು ಬಿಟ್ಟು ಅಜ್ಜಿಯ ಕಂಬಳಿಗೆ ಹೋದದ್ದು ಈಗಲೂ ಮರೆತಿಲ್ಲ.

ಬೆಳೆಯುತ್ತ ಬೆಳೆಯುತ್ತ ತಾಮ್ರ, ತವರ ಕೂಡ ಹೊರಗೆ ಬಂದು ಚಳಿಗೆ ಗಟ್ಟಿಯಾದರು. ನೀರೂ ಬೆಟ್ಟದ ತುದಿಗೆ ಆಡಲು ಹೋಗಿ ಮಂಜುಗಡ್ಡೆಯಾಗಿ ಕೂತಿತು. ತಾಯಿಯ ಮಡಿಲು ಖಾಲಿಯಾಯಿತು.

ಅವಳಿಗೆ ತಡೆಯಲಾಗಲಿಲ್ಲ. ಬೆಂಕಿಯನ್ನು ಕರೆದಳು. "ನನ್ನ ಬಿಸುಪು ತಗೊಂಡು ಹೋಗು. ಅಮ್ಮ ಕರೀತಿದ್ದಾಳೆ ಅನ್ನು. ದೊಡ್ಡೋನು ಮುನಿಸಿಕೊಂಡಿದ್ದಾನೆ. ಅವನು ಬರದಿದ್ರೆ ಯಾರು ಬಂದ್ರೂ ನನ್ನ ಮಡಿಲು ತುಂಬಲ್ಲ."

ಬೆಂಕಿ ಹೊರಟ. ಮಂಜುಗಡ್ಡೆ ಮಾತು ಕೇಳುವವರೆಗೂ ಕಾಯಲಿಲ್ಲ. ದೂರದಿಂದ ಬಿಸುಪು ತಾಗಿದ್ದೇ ತಡ, ಅಳುತ್ತ ಇಳಿಜಾರಿನಲ್ಲಿ ಓಡಿತು. ಬೆಂಕಿ "ಅಮ್ಮ" ಎನ್ನುವಷ್ಟರಲ್ಲಿ ತವರ ಕರಗಿದ. ತಾಮ್ರನಿಗೆ ಸ್ವಲ್ಪ ಬಿಗುಮಾನ. "ನಿಜವಾಗ್ಲೂ ಕರೆದಳಾ?" ಎಂದು ಮತ್ತೆ ಮತ್ತೆ ಕೇಳಿ, ಕೆಂಪಗಾಗಿ, ಆಮೇಲೆ ಹರಿದ.

ಕಬ್ಬಿಣಣ್ಣ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಆ ಜಾಗ ಈಗ ತಮ್ಮನದು. ನಾನ್ಯಾಕೆ ಬರ್ಲಿ?" ಎಂದ.

ಬೆಂಕಿ ಮತ್ತೆ ಕರೆದ. ಕಬ್ಬಿಣಣ್ಣ ಸಿಟ್ಟಿಗೆ ಕೆಂಪಾದ. ಇನ್ನೂ ಕರೆದ. ಹಳದಿಯಾದ, ಕರಗಲಿಲ್ಲ. ಬೆಂಕಿ ಸೋತು ಬೂದಿ ಹೊದ್ದು ಕೂತ.

ಆಗ ಗಾಳಿ ಬಂದಳು. ಊರೆಲ್ಲ ತಿರುಗುವವಳು, ಎಲ್ಲರ ಮನೆಯ ಸುದ್ದಿ ಬಲ್ಲವಳು. ಬೆಂಕಿಯನ್ನು ಊದಿ ಎಬ್ಬಿಸಿ, ಕಬ್ಬಿಣಣ್ಣನ ಕಿವಿಯಲ್ಲಿ ಹೇಳಿದಳು.

"ಲೋ ಮಂಕೇ, ನಾನು ಅಲ್ಲಿಂದಾನೇ ಬರ್ತಿದ್ದೀನಿ. ತಮ್ಮ ಮಲಗೋದು ಮೇಲ್ಗಡೆ ಕಣೋ. ಒಳಗೆ, ಅವಳ ಎದೆ ಹತ್ತಿರ, ನೀನು ಮಲಗ್ತಿದ್ದ ಜಾಗ ಹಾಗೇ ಇದೆ. ಯಾರನ್ನೂ ಮಲಗಿಸಿಲ್ಲ. ಬೆಚ್ಚಗಿದೆಯಾ ಅಂತ ದಿನಾ ಮುಟ್ಟಿ ನೋಡ್ತಾಳೆ."

ಕಬ್ಬಿಣಣ್ಣ ಗಾಳಿಯ ಕಡೆ ತಿರುಗಿದ. ಮೈಯೆಲ್ಲ ಬೆಳ್ಳಗಾಯಿತು.

"ಇಷ್ಟು ದಿನಾನೂ?" ಎಂದ.

ಅಷ್ಟೇ. ಆಮೇಲೆ ಹರಿದುಬಂದವನನ್ನು ತಾಯಿ ಎರಡೂ ಕೈಯಲ್ಲಿ ಬಾಚಿಕೊಂಡಳು.

ಅದಕ್ಕೇ ಮಗ, ಮಂಜುಗಡ್ಡೆ ನಿನ್ನ ಅಂಗೈಯ ಬಿಸುಪನ್ನೇ ಅಮ್ಮನೆಂದುಕೊಂಡು ಕರಗಿಬಿಡುತ್ತದೆ. ಕಬ್ಬಿಣವನ್ನು ಎರಕ ಹೊಯ್ಯುವವರಿಗೆ ಮಾತ್ರ ಬರೀ ಬೆಂಕಿ ಸಾಲದು, ನಿನ್ನ ಜಾಗ ಇನ್ನೂ ಬೆಚ್ಚಗಿದೆ ಎಂದು ಗಾಳಿಯೂ ಪಕ್ಕದಲ್ಲಿ ಊದುತ್ತಲೇ ಇರಬೇಕು.